ವೇಗದ ಕಾರು: ಕೊಳ್ಳುವ ಮೊದಲು ತೂಗಿ ನೋಡುವ ಬಗೆ

ವಾಹನವನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆ ನಮ್ಮ ಕಲ್ಯಾಣಕ್ಕೆ ಹೊಸದಲ್ಲ. ಇಲ್ಲಿಂದ ರಾಜ್ಯವಾಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಕುದುರೆಗೂ ಕುದುರೆಯಾಟಕ್ಕೂ ಸ್ಥಳವಿದೆ. ವಾಜಿವಾಹ್ಯಾಲಿಯೆಂದು ಆ ವಿನೋದದ ಹೆಸರು. ಕನ್ನಡದಲ್ಲಿಯೂ ಅಭಿನವಚಂದ್ರನ ‘ಅಶ್ವವೈದ್ಯ’ವಿದೆ. ಅರಸರ ಮಾತು ಹಾಗಿರಲಿ; ನಮ್ಮ ಸೀಮೆಯ ಒಕ್ಕಲಿಗನು ದೇವಣಿ ಎತ್ತು ಕೊಳ್ಳುವಾಗ ಏನು ಮಾಡುತ್ತಾನೆಂಬುದನ್ನು ನೀವು ಬಲ್ಲಿರಿ. ಬಾಯಿ ತೆರೆದು ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ನೋಡುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ನಡೆಸಿ ನೋಡುತ್ತಾನೆ. ಸುಳಿಯನ್ನೂ ನೋಡುತ್ತಾನೆ, ಆ ಮಾತು ಬೇರೆ.

ಈಗ ನಮ್ಮ ಊರುಗಳಲ್ಲಿ ಎತ್ತಿನ ಬದಲು ಕಾರಿನ ಮಾತು ಹೆಚ್ಚು. ಹುಮನಾಬಾದಿನ ಮೇಲೆ ಹಾದುಹೋಗುವ ಪುಣೆ–ಹೈದರಾಬಾದು ಹೆದ್ದಾರಿ, ಹಿಂದೆ ೯ನೆಯ ಸಂಖ್ಯೆಯದು, ಈಗ ೬೫ನೆಯದು, ನಾಲ್ಕು ಸಾಲಿನದಾಗಿದೆ. ಸಸ್ತಾಪುರ ಬಂಗ್ಲಾದ ಬಳಿ ನಿಂತರೆ ನೆಲಕ್ಕೆ ಅಂಟಿದಂತೆ ಓಡುವ ಕಾರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತವೆ. ಅದನ್ನು ಕಂಡ ಮನೆಯ ಮಗ ‘ಅಪ್ಪಾ, ನಮಗೂ ಒಂದು’ ಎನ್ನುತ್ತಾನೆ. ಲಾರಿಯ ವ್ಯವಹಾರದಲ್ಲೋ ಕಬ್ಬಿನಲ್ಲೋ ನಾಲ್ಕು ಕಾಸು ಕೂಡಿದ್ದರೆ ತಂದೆಗೂ ಆಸೆಯಾಗುತ್ತದೆ. ಆಸೆಯನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಎತ್ತಿನ ಬಾಯಿ ತೆರೆದು ನೋಡುವ ಜನ ಕಾರಿನ ವಿಷಯದಲ್ಲಿ ಮಾತ್ರ ಬಣ್ಣದ ಪುಸ್ತಿಕೆಯನ್ನು ನೋಡಿ ಲಕ್ಷಗಟ್ಟಲೆ ಹಣ ಎಣಿಸುತ್ತಾರಲ್ಲ, ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಪುಸ್ತಿಕೆಯಲ್ಲಿ ಮೊದಲು ಕಣ್ಣಿಗೆ ಬೀಳುವ ಅಂಕೆ ಅಶ್ವಶಕ್ತಿ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರವನ್ನು ಮಾರುವಾಗ ‘ಇದು ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ?’ ಎಂದು ಕೇಳುವ ಗಿರಾಕಿಗಳಿಗೆ ಹೇಳಲು ಮಾಡಿಕೊಂಡ ಅಳತೆ ಅದು. ಇಂದು ನಮ್ಮ ದೇಶದ ಕಾರುಗಳಿಗೆ ಸಾಮಾನ್ಯವಾಗಿ ಹೇಳುವ ಪಿ.ಎಸ್. ಎಂಬ ಮಾನವು ಎಪ್ಪತ್ತೈದು ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲೆತ್ತುವ ಶಕ್ತಿಗೆ ಸಮ. ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಯನ್ನು ನೆನೆಸಿಕೊಂಡರೆ ಅರ್ಥವಾದೀತು. ಇಂಗ್ಲಿಷರ ಬಿ.ಎಚ್.ಪಿ. ಇದಕ್ಕಿಂತ ಕೊಂಚ ದೊಡ್ಡದು. ಪಿ.ಎಸ್. ಎಂದರೆ ೭೩೫.೫ ವಾಟು, ಅದು ಸುಮಾರು ೭೪೬ ವಾಟು. ಆದ್ದರಿಂದ ಒಂದು ಕಾರಿನ ಪಿ.ಎಸ್. ಅನ್ನು ಮತ್ತೊಂದರ ಬಿ.ಎಚ್.ಪಿ.ಯೊಡನೆ ಹೋಲಿಸುವುದೆಂದರೆ ಒಂದು ಅಂಗಡಿಯ ಸೇರನ್ನು ಮತ್ತೊಂದು ಅಂಗಡಿಯ ಸೇರಿನೊಡನೆ ಹೋಲಿಸಿದಂತೆ. ಮೊದಲು ಮಾನ ಒಂದೇ ಆಗಲಿ.

ಆದರೆ ಅಶ್ವಶಕ್ತಿಯೊಂದೇ ವೇಗವಲ್ಲ. ಎಷ್ಟು ಕುದುರೆ ಕಟ್ಟಿದೆಯೆಂಬುದರ ಜೊತೆಗೆ ಬಂಡಿ ಎಷ್ಟು ಭಾರವೆಂಬುದನ್ನೂ ಕೇಳಬೇಕು. ಮಹೀಂದ್ರಾ ಸ್ಕಾರ್ಪಿಯೊ-ಎನ್ ಪೆಟ್ರೋಲ್ ಗಾಡಿಗೆ ೨೦೩ ಪಿ.ಎಸ್. ಇದೆ, ಹೊಸ ಮಾರುತಿ ಸ್ವಿಫ್ಟ್‌ಗೆ ಸುಮಾರು ೮೨. ಮೇಲ್ನೋಟಕ್ಕೆ ಎರಡೂವರೆ ಪಟ್ಟು ಅಂತರ. ಆದರೆ ಸ್ಕಾರ್ಪಿಯೊ ಎರಡು ಟನ್ನಿಗೆ ಹತ್ತಿರ, ಸ್ವಿಫ್ಟ್ ಒಂದು ಟನ್ನಿಗೂ ಕಡಿಮೆ. ಭಾಗಿಸಿ ನೋಡಿದರೆ ಒಂದು ಟನ್ನಿಗೆ ಅಲ್ಲಿ ನೂರರ ಆಸುಪಾಸು, ಇಲ್ಲಿ ತೊಂಬತ್ತರ ಆಸುಪಾಸು. ದೊಡ್ಡ ಅಂತರ ಎಲ್ಲಿ ಹೋಯಿತು? ಭಾರವು ನುಂಗಿತು. ಇನ್ನು ನಿಜವಾದ ವೇಗದ ಕಾರುಗಳನ್ನು ನೋಡೋಣ. ೨೦೨೫ರ ಮೇ ತಿಂಗಳಲ್ಲಿ ನಮ್ಮ ದೇಶಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ. ಕಾರಿಗೆ ೨೬೫ ಪಿ.ಎಸ್., ತೂಕ ಒಂದೂವರೆ ಟನ್ನಿಗೆ ಸ್ವಲ್ಪ ಕಡಿಮೆ; ಟನ್ನಿಗೆ ಸುಮಾರು ೧೮೦. ಪೋರ್ಷೆ ೯೧೧ ಕರೇರಾ ಕಾರಿನ ೨೦೨೪ರ ಮಾದರಿಗೆ ೩೯೪ ಪಿ.ಎಸ್., ತೂಕ ೧೫೨೦ ಕಿಲೋ. ಟನ್ನಿಗೆ ಸುಮಾರು ೨೬೦. ನಿಂತಲ್ಲಿಂದ ನೂರು ಕಿಲೋಮೀಟರು ವೇಗ ಮುಟ್ಟಲು ಗಾಲ್ಫ್‌ಗೆ ೫.೯ ಸೆಕೆಂಡು, ಪೋರ್ಷೆಗೆ ೪.೧. ಟನ್ನಿನ ಲೆಕ್ಕ ಹಾಕಿದವನಿಗೆ ಈ ಕ್ರಮ ಮೊದಲೇ ತಿಳಿದಿರುತ್ತದೆ. ಸ್ಲೇಟು ಬಳಪ ಸಾಕು.

ಎರಡನೆಯ ಅಂಕೆ ಟಾರ್ಕ್. ಇದಕ್ಕೆ ‘ತಿರುಗುಬಲ’ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಹುಡುಗರು ನಕ್ಕು ‘ಟಾರ್ಕ್’ ಎಂದೇ ಬರೆಯುತ್ತಾರೆ. ಇರಲಿ, ವಸ್ತು ತಿಳಿದರೆ ಸಾಕು. ಗಾಲಿಯ ನಟ್ಟನ್ನು ಸಡಿಲಿಸಲು ಪಾನಾ ಹಾಕಿ ಒತ್ತುತ್ತೀರಿ. ಹಿಡಿ ಉದ್ದವಾದಷ್ಟೂ ಕೆಲಸ ಹಗುರ. ಒತ್ತುವ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದರೆ ಬರುವುದೇ ಟಾರ್ಕ್. ಗಾಲ್ಫ್ ಕಾರಿನ ೩೭೦ ನ್ಯೂಟನ್-ಮೀಟರು ಎಂದರೆ ಒಂದು ಮೀಟರು ಉದ್ದದ ಹಿಡಿಯ ತುದಿಗೆ ಸುಮಾರು ಮೂವತ್ತೆಂಟು ಕಿಲೋ ತೂಕವನ್ನು ತೂಗುಹಾಕಿದಷ್ಟು ತಿರುಗುಬಲ. ಶಕ್ತಿಗೂ ಇದಕ್ಕೂ ನೇರ ನಂಟಿದೆ. ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ ೭೦೨೩ರಿಂದ ಭಾಗಿಸಿದರೆ ಪಿ.ಎಸ್. ಬರುತ್ತದೆ. ಆದ್ದರಿಂದ ಟಾರ್ಕ್ ಎಷ್ಟು ಎನ್ನುವುದಕ್ಕಿಂತ ಎಷ್ಟು ಸುತ್ತಿಗೆ ಅದು ಸಿಗುತ್ತದೆ ಎಂದು ಕೇಳುವುದು ಜಾಣತನ. ಎರಡು ಸಾವಿರ ಸುತ್ತಿನೊಳಗೇ ಪೂರ್ಣ ಟಾರ್ಕ್ ಕೊಡುವ ಇಂಜಿನು ಊರ ಸಂದಣಿಯಲ್ಲಿಯೂ ಎಳೆಯುತ್ತದೆ. ಆರು ಸಾವಿರ ಸುತ್ತಿಗೆ ಹೋದರೇ ಹುರುಪು ಬರುವ ಇಂಜಿನು ಪಂದ್ಯದ ಬಯಲಿಗೆ ಸರಿ. ಗಾಂಧಿ ಚೌಕದ ಸುತ್ತ ಅದು ಮುನಿಸಿಕೊಂಡ ಕುದುರೆ.

ಪುಸ್ತಿಕೆಗಳೆಲ್ಲ ‘ಸೊನ್ನೆಯಿಂದ ನೂರಕ್ಕೆ’ ಎಂಬ ಅಂಕೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕುತ್ತವೆ. ನಿಮ್ಮ ಬಾಳಿನಲ್ಲಿ ನಿಂತ ಕಾರನ್ನು ಒಂದೇ ಉಸಿರಿಗೆ ನೂರಕ್ಕೆ ಏರಿಸುವ ಪ್ರಸಂಗ ಎಷ್ಟು ಸಲ ಬಂದೀತು? ಆದರೆ ಭಾಲ್ಕಿಯ ದಾರಿಯಂಥ ಕಿರಿದಾದ ರಸ್ತೆಯಲ್ಲಿ ಲಾರಿಯ ಹಿಂದೆ ಅರವತ್ತರಲ್ಲಿ ಹೋಗುತ್ತಿದ್ದು, ದಾಟಿ ಮುಂದಕ್ಕೆ ಬರುವ ಪ್ರಸಂಗ ದಿನವೂ ಬರುತ್ತದೆ. ಅರವತ್ತರಿಂದ ನೂರಕ್ಕೆ ಏರಲು ಒಂದು ಕಾರಿಗೆ ನಾಲ್ಕು ಸೆಕೆಂಡು, ಇನ್ನೊಂದಕ್ಕೆ ಎಂಟು ಸೆಕೆಂಡು ಎಂದಿಟ್ಟುಕೊಳ್ಳಿ. ಸರಾಸರಿ ಎಂಬತ್ತರ ವೇಗದಲ್ಲಿ ಮೊದಲನೆಯದು ಸುಮಾರು ೯೦ ಮೀಟರು ರಸ್ತೆಯನ್ನು ಬಳಸುತ್ತದೆ, ಎರಡನೆಯದು ೧೮೦ ಮೀಟರು. ಶಕ್ತಿಯುಳ್ಳ ಕಾರಿನ ಪರವಾಗಿ ಹೇಳಬಹುದಾದ ನಿಜವಾದ ಮಾತು ಇದೇ. ಎದುರು ದಿಕ್ಕಿನ ಸಾಲಿನಲ್ಲಿ ಅದು ಕಡಿಮೆ ಹೊತ್ತು ಇರುತ್ತದೆ. ಆದ್ದರಿಂದ ಅಂಗಡಿಯವನನ್ನು ‘ಅರವತ್ತರಿಂದ ನೂರಕ್ಕೆ ಎಷ್ಟು?’ ಎಂದು ಕೇಳಿ. ಆತನು ತಲೆ ಕೆರೆದುಕೊಂಡರೆ ಕಾರನ್ನು ತೆಗೆದುಕೊಂಡು ಹೋಗಿ ನೀವೇ ಅಳೆಯಿರಿ; ಗಡಿಯಾರ ಹಿಡಿಯಲು ಪಕ್ಕದಲ್ಲಿ ಒಬ್ಬರಿರಲಿ.

ಇನ್ನು ಗರಿಷ್ಠ ವೇಗ. ಗಾಲ್ಫ್ ೨೫೦ರವರೆಗೆ ಓಡಬಲ್ಲದು, ಪೋರ್ಷೆ ೨೯೪ರವರೆಗೆ. ನಾಲ್ಕು ಸಾಲಿನ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರವು ೨೦೧೮ರಲ್ಲಿ ಗೊತ್ತುಮಾಡಿದ ಮೇಲ್ಮಿತಿ ೧೦೦; ಊರೊಳಗೆ ೭೦. ರಾಜ್ಯಗಳು ಇದಕ್ಕಿಂತ ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಹೈದರಾಬಾದಿನ ದಾರಿ ನೂರೈವತ್ತು ಕಿಲೋಮೀಟರು ಎಂದಿಟ್ಟುಕೊಂಡರೆ ನೂರರ ವೇಗದಲ್ಲಿ ಒಂದೂವರೆ ಗಂಟೆ, ಮಿತಿ ಮೀರಿ ನೂರಿಪ್ಪತ್ತರಲ್ಲಿ ಹೋದರೆ ಒಂದೂಕಾಲು ಗಂಟೆ. ಉಳಿಯುವುದು ಹದಿನೈದು ನಿಮಿಷ, ಅದೂ ಟೋಲಿನ ಕಟ್ಟೆಗಳಲ್ಲಿ ಎಲ್ಲಿಯೂ ನಿಲ್ಲದಿದ್ದರೆ.

ಓಡುವ ಮಾತಾಯಿತು, ನಿಲ್ಲುವ ಮಾತು ಇದಕ್ಕಿಂತ ದೊಡ್ಡದು. ವೇಗ ಇಮ್ಮಡಿಯಾದರೆ ಕಾರಿನಲ್ಲಿ ಅಡಗಿರುವ ಚಲನಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಒಳ್ಳೆಯ ಬ್ರೇಕು, ಒಳ್ಳೆಯ ಟೈರು, ಒಣಗಿದ ಡಾಂಬರು ಎಲ್ಲವೂ ಇದ್ದಾಗ ಐವತ್ತರ ವೇಗದಲ್ಲಿ ಬ್ರೇಕು ಒತ್ತಿದ ಕಾರು ಸುಮಾರು ೧೨ ಮೀಟರಿನಲ್ಲಿ ನಿಲ್ಲುತ್ತದೆ. ನೂರರಲ್ಲಿ ೪೯ ಮೀಟರು. ನೂರೈವತ್ತರಲ್ಲಿ ೧೧೦ ಮೀಟರು. ಇದಕ್ಕೆ ಕಣ್ಣು ಕಂಡು ಕಾಲು ಒತ್ತುವ ಒಂದು ಸೆಕೆಂಡನ್ನು ಸೇರಿಸಿ: ಮೊತ್ತ ಕ್ರಮವಾಗಿ ೨೬, ೭೭, ೧೫೨ ಮೀಟರು. ಈಗ ಕಬ್ಬಿನ ಹಂಗಾಮಿನ ಒಂದು ರಾತ್ರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರು ಎರಡು ಡಬ್ಬಿಗಳನ್ನು ಎಳೆದುಕೊಂಡು ನಿಧಾನವಾಗಿ ಸಾಗುತ್ತಿದೆ. ತಗ್ಗಿಸಿದ ದೀಪದ ಬೆಳಕು ಐವತ್ತು–ಅರವತ್ತು ಮೀಟರಿಗಿಂತ ಮುಂದಕ್ಕೆ ಚೆನ್ನಾಗಿ ಹೋಗದು. ನೂರರ ವೇಗದಲ್ಲಿಯೇ ಲೆಕ್ಕ ಸಾಲದು. ನೂರೈವತ್ತರಲ್ಲಿ ಕಂಡದ್ದೇ ಕೊನೆ. ನಾನೂರು ಕುದುರೆಗಳು ಆಗ ಯಾವ ಸಹಾಯಕ್ಕೂ ಬರುವುದಿಲ್ಲ. ಕೊಳ್ಳುವಾಗ ಬ್ರೇಕಿನ ತಟ್ಟೆಗಳ ಗಾತ್ರ, ನೂರರಿಂದ ನಿಲ್ಲಲು ಹಿಡಿಯುವ ದೂರ, ದೀಪಗಳ ಗುಣ ಇವನ್ನು ಅಶ್ವಶಕ್ತಿಗಿಂತ ಮೊದಲು ಕೇಳಿ. ಈ ಪ್ರಶ್ನೆ ಕೇಳುವ ಗಿರಾಕಿ ಅಪರೂಪವೆಂದು ಮೋಟಾರು ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹೇಳುತ್ತಾನೆ. ಸ್ಪೀಕರುಗಳೆಷ್ಟು ಎಂದು ಎಲ್ಲರೂ ಕೇಳುತ್ತಾರಂತೆ. ರೇಡಿಯೋ ಕೊಳ್ಳುವಾಗ ಪೆಟ್ಟಿಗೆಯ ಹೊಳಪಿಗೆ ಮರುಳಾಗದೆ ಕೀಲಿ ತಿರುಗಿಸಿ ದೂರದ ಸ್ಟೇಷನ್ನು ಹಿಡಿಯುತ್ತದೆಯೇ ಎಂದು ನೋಡುವ ನೀವು ಇಲ್ಲಿಯೂ ಹಾಗೆಯೇ ಮಾಡಬೇಕು.

ಟೈರಿನ ಮೇಲೆ ಅಚ್ಚಾದ ಬರಹವನ್ನು ಓದಲು ಕಲಿಯಿರಿ. ‘೨೩೫/೪೦ ಆರ್ ೧೯’ ಎಂದಿದ್ದರೆ ಟೈರು ೨೩೫ ಮಿಲಿಮೀಟರು ಅಗಲ. ಅದರ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ನಲವತ್ತು, ಎಂದರೆ ೯೪ ಮಿಲಿಮೀಟರು. ರಿಮ್ಮು ೧೯ ಅಂಗುಲ. ಪೋರ್ಷೆ ಕರೇರಾದ ಮುಂದಿನ ಟೈರು ಇದು. ಸ್ವಿಫ್ಟ್‌ನ ೧೬೫/೮೦ ಆರ್ ೧೪ ಟೈರಿನ ಪಕ್ಕೆ ೧೩೨ ಮಿಲಿಮೀಟರು. ಪಕ್ಕೆ ಗಿಡ್ಡವಾದಷ್ಟೂ ತಿರುವಿನಲ್ಲಿ ಕಾರು ಗಟ್ಟಿಯಾಗಿ ನಿಲ್ಲುತ್ತದೆ, ನಿಜ; ಆದರೆ ಗುಂಡಿಗೆ ಬಿದ್ದಾಗ ರಬ್ಬರಿನ ಮೆತ್ತೆ ಕಡಿಮೆಯಾದ್ದರಿಂದ ಪೆಟ್ಟು ನೇರ ರಿಮ್ಮಿಗೆ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರುಕು ಬಿಡುತ್ತದೆ, ಅದರ ಮೇಲೆ ಹಾಸಿದ ರಸ್ತೆಯೂ ಅದರೊಡನೆ ಏರಿಳಿಯುತ್ತದೆ. ಟೈರಿನ ಬರಹದ ಕೊನೆಯ ಅಕ್ಷರ ವೇಗದ ಮಿತಿ: ಎಚ್ ಎಂದರೆ ೨೧೦, ವಿ ಎಂದರೆ ೨೪೦, ಡಬ್ಲ್ಯೂ ೨೭೦, ವೈ ೩೦೦. ಬೇರೆ ಕಡೆ ನಾಲ್ಕು ಅಂಕೆಗಳ ಒಂದು ಗುರುತಿರುತ್ತದೆ. ಮೊದಲೆರಡು ವಾರ, ಮುಂದಿನೆರಡು ವರ್ಷ. ಹಳೆಯ ಕಾರು ಕೊಳ್ಳುವವರಿಗೆ ಅದೇ ಎತ್ತಿನ ಹಲ್ಲು. ಎಷ್ಟೋ ವೇಗದ ಕಾರುಗಳಲ್ಲಿ ಹೆಚ್ಚುವರಿ ಗಾಲಿಯೇ ಇರುವುದಿಲ್ಲ, ಪಂಕ್ಚರಿಗೆ ಹಾಕುವ ಅಂಟು ಮಾತ್ರ. ರಾತ್ರಿ ರಾಜೇಶ್ವರದ ಹತ್ತಿರ ಟೈರು ಹರಿದರೆ ಹತ್ತೊಂಬತ್ತು ಅಂಗುಲದ ಟೈರನ್ನು ಯಾರ ಅಂಗಡಿಯಲ್ಲಿ ಹುಡುಕುವಿರಿ?

ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ತೆರವನ್ನು ಮರೆಯಬೇಡಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಮಾಣದಂತೆ ರಸ್ತೆಯ ಉಬ್ಬು ಹತ್ತು ಸೆಂಟಿಮೀಟರು ಎತ್ತರ, ೩.೭ ಮೀಟರು ಅಗಲ ಇರಬೇಕು. ನಮ್ಮ ಓಣಿಗಳಲ್ಲಿ ಜನರೇ ಕಟ್ಟಿದ ಉಬ್ಬುಗಳಿಗೆ ಯಾವ ಶಾಸ್ತ್ರವೂ ಇಲ್ಲ. ಕೊಳ್ಳುವ ಮೊದಲು ನಿಮ್ಮ ಮನೆಯ ಮುಂದಿನ ಉಬ್ಬನ್ನೂ ಚರಂಡಿಯ ಏರನ್ನೂ ಟೇಪಿನಿಂದ ಅಳೆದು ಬರೆದುಕೊಂಡು ಹೋಗಿ. ನಾಲ್ಕು ಜನ ಕುಳಿತಾಗ ಕಾರು ಇನ್ನೂ ತಗ್ಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಈಚೆಗೆ ಈ ಹೋಲಿಕೆಯನ್ನೆಲ್ಲ ತಲೆಕೆಳಗು ಮಾಡಿದ್ದು ವಿದ್ಯುತ್ ಕಾರು. ಪೆಟ್ರೋಲ್ ಇಂಜಿನಿಗೆ ಸುತ್ತು ಏರಬೇಕು, ಗೇರು ಬದಲಿಸಬೇಕು. ವಿದ್ಯುತ್ ಮೋಟಾರಿಗೆ ಪೂರ್ಣ ತಿರುಗುಬಲ ಮೊದಲ ಸುತ್ತಿನಿಂದಲೇ ಸಿಗುತ್ತದೆ. ೨೦೨೪ರ ನವೆಂಬರಿನಲ್ಲಿ ಹೊರಬಂದ ಮಹೀಂದ್ರಾ ಬಿ.ಇ. ೬ ಕಾರಿನ ದೊಡ್ಡ ಬ್ಯಾಟರಿಯ ಮಾದರಿಗೆ ೨೮೬ ಪಿ.ಎಸ್.; ೬.೭ ಸೆಕೆಂಡಿಗೆ ನೂರು ಮುಟ್ಟುತ್ತದೆ. ಆಗ ಅದರ ಬೆಲೆ ಸುಮಾರು ೨೭ ಲಕ್ಷ. ಗಾಲ್ಫ್ ಇದಕ್ಕಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಮುಂದಿದೆ, ೨೦೨೫ರಲ್ಲಿ ಬಂದಾಗ ಅದರ ಬೆಲೆ ೫೩ ಲಕ್ಷವಿತ್ತು. ೨೦೨೫ರ ಜುಲೈಯಲ್ಲಿ ಬಂದ ಎಂ.ಜಿ. ಸೈಬರ್‌ಸ್ಟರ್ ಎಂಬ ಇಬ್ಬರೇ ಕೂರುವ ತೆರೆದ ಕಾರು ೫೧೦ ಪಿ.ಎಸ್.ನದು, ೩.೨ ಸೆಕೆಂಡು; ಆಗ ಅದರ ಬೆಲೆ ೭೫ ಲಕ್ಷವಿತ್ತು. ಬರೀ ಸೆಕೆಂಡಿನ ಲೆಕ್ಕದಲ್ಲಿ ಇದು ಪೋರ್ಷೆ ಕರೇರಾವನ್ನೂ ಹಿಂದಿಕ್ಕುತ್ತದೆ. ಹಾಗೆಂದು ಎರಡೂ ಒಂದೇ ಎನ್ನಲಾಗದು. ಬ್ಯಾಟರಿಯ ಭಾರದಿಂದ ವಿದ್ಯುತ್ ಕಾರು ತಿರುವಿನಲ್ಲಿ ತೂಕ ತೋರುತ್ತದೆ, ಟೈರನ್ನು ಬೇಗ ಸವೆಸುತ್ತದೆ, ಬಹಳ ವೇಗದಲ್ಲಿ ಓಡಿಸಿದರೆ ಚಾರ್ಜು ಬೇಗ ಇಳಿಯುತ್ತದೆ. ಕೊಳ್ಳುವವರು ಮನೆಯಲ್ಲಿ ಚಾರ್ಜು ಮಾಡಲು ಸಾಕಷ್ಟು ವಿದ್ಯುತ್ ಮಂಜೂರಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ಪೆಟ್ರೋಲಿನವರು ಬೇರೆಯ ವಿಚಾರಣೆ ಮಾಡಬೇಕು. ಬಲವಾದ ಇಂಜಿನುಗಳು ಹಲವು ವೇಳೆ ೯೫ ಅಥವಾ ಅದಕ್ಕೂ ಮೇಲಿನ ಆಕ್ಟೇನಿನ ಪೆಟ್ರೋಲನ್ನು ಬಯಸುತ್ತವೆ. ನಿಮ್ಮ ಹತ್ತಿರದ ಬಂಕಿನಲ್ಲಿ ಅದು ಸಿಗುತ್ತದೆಯೇ? ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲಿಗೆ ಆ ಇಂಜಿನು ಒಗ್ಗುತ್ತದೆಯೇ? ಹಳೆಯ ವಿದೇಶೀ ಕಾರಾದರೆ ಈ ಎರಡನೆಯ ಪ್ರಶ್ನೆ ಮುಖ್ಯ.

ಹಣದ ಲೆಕ್ಕವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ದೊಡ್ಡ ಪೆಟ್ರೋಲ್ ಕಾರುಗಳಿಗೆ ಜಿ.ಎಸ್.ಟಿ. ನೂರಕ್ಕೆ ೪೦, ವಿದ್ಯುತ್ ಕಾರಿಗೆ ೫. ಇದು ಪುಸ್ತಿಕೆಯ ಬೆಲೆಯಲ್ಲಿಯೇ ಅಡಗಿರುತ್ತದೆ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಪೆಟ್ರೋಲ್ ಕಾರಿಗೆ ನೂರಕ್ಕೆ ೧೮, ಆ ತೆರಿಗೆಯ ಮೇಲೆ ಸೆಸ್ಸು. ಒಟ್ಟಿನಲ್ಲಿ ಬೆಲೆಯ ಐದರಲ್ಲೊಂದು ಪಾಲು. ೫೩ ಲಕ್ಷದ ಕಾರಿಗೆ ಹತ್ತೂವರೆ ಲಕ್ಷ ಇಲ್ಲಿಯೇ ಹೋಯಿತು. ನಾವು ಗಡಿಯ ಜನ; ಉಮರ್ಗಾ ಅತ್ತ, ಜಹೀರಾಬಾದು ಇತ್ತ. ‘ಅಲ್ಲಿಯ ನಂಬರು ಹಾಕಿಸಿದರೆ ಅಗ್ಗ’ ಎಂದು ಹೇಳುವವರು ಸಿಗುತ್ತಾರೆ. ಮೋಟಾರು ವಾಹನ ಕಾಯಿದೆಯ ೪೭ನೆಯ ಕಲಮಿನಂತೆ ಹೊರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಲೇಬೇಕು. ಇನ್ನು ಕಾರ್ಯಾಗಾರ. ನೀವು ನೋಡಿದ ಕಾರಿನ ಕಂಪನಿಯವರ ಹತ್ತಿರದ ಕಾರ್ಯಾಗಾರ ಕಲಬುರಗಿಯಲ್ಲಿದೆಯೋ ಹೈದರಾಬಾದಿನಲ್ಲಿದೆಯೋ ಪುಣೆಯಲ್ಲಿದೆಯೋ ಕೇಳಿಕೊಳ್ಳಿ. ಬಸವಕಲ್ಯಾಣದ ಕುಶಲಿಗಳು ಲಾರಿಗೆ ಮೈ ಕಟ್ಟುವುದರಲ್ಲಿ ಹೆಸರುವಾಸಿಗಳು. ಆದರೆ ಈ ಕಾರುಗಳ ಕಾಯಿಲೆ ಕಂಪ್ಯೂಟರನ್ನು ಕಟ್ಟಿ ಓದಿದರಷ್ಟೇ ತಿಳಿಯುತ್ತದೆ, ಆ ಕೀಲಿ ಕಂಪನಿಯವರ ಕೈಯಲ್ಲಿರುತ್ತದೆ.

ಮನೆಯ ಹಿರಿಯರು ತಿಳಿಯಬೇಕಾದ ಕಾನೂನು ಇನ್ನೊಂದಿದೆ. ೨೦೨೪ರ ಮೇ ೧೯ರ ರಾತ್ರಿ, ನಮ್ಮ ಇದೇ ಹೆದ್ದಾರಿಯ ಆ ತುದಿಯ ಪುಣೆಯಲ್ಲಿ, ಕಲ್ಯಾಣಿ ನಗರವೆಂಬ ಬಡಾವಣೆಯಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಬಡಿದು ಇಬ್ಬರು ತರುಣ ಇಂಜಿನಿಯರುಗಳು ಸತ್ತರು. ಓಡಿಸುತ್ತಿದ್ದವನು ಹದಿನೇಳು ವರ್ಷದ ಹುಡುಗನೆಂದು ಪೊಲೀಸರು ಹೇಳಿದರು. ಕಾರಿಗೆ ಕಾಯಂ ನೋಂದಣಿಯೂ ಆಗಿರಲಿಲ್ಲ. ೨೦೧೯ರಲ್ಲಿ ಸೇರಿಸಿದ ೧೯೯-ಎ ಕಲಮಿನ ಪ್ರಕಾರ ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧವಾದರೆ ಪೋಷಕನಿಗೆ ಅಥವಾ ಗಾಡಿಯ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ‘ನನಗೆ ತಿಳಿಯದೆ ಕೀಲಿ ತೆಗೆದುಕೊಂಡು ಹೋದ’ ಎಂಬುದನ್ನು ತಂದೆಯೇ ಸಿದ್ಧಪಡಿಸಿ ತೋರಿಸಬೇಕು. ನಾನು ಮೂವತ್ತು ವರ್ಷ ಹದಿನಾರು ಹದಿನೇಳರ ಹುಡುಗರ ನಡುವೆ ಇದ್ದವನು. ಅವರು ಕೆಟ್ಟವರಲ್ಲ, ಆದರೆ ಮನೆಯಲ್ಲಿ ಕೀಲಿ ಮೊಳೆಗೆ ತೂಗುತ್ತಿದ್ದರೆ ಕೈ ಸುಮ್ಮನಿರುವ ವಯಸ್ಸಲ್ಲ ಅದು. ಕಾರನ್ನು ಆರಿಸುವಾಗ ವೇಗಕ್ಕೆ ಕಡಿವಾಣ ಹಾಕುವ ಎರಡನೆಯ ಕೀಲಿ, ಅಥವಾ ಮಿತಿ ಮೀರಿದರೆ ಫೋನಿಗೆ ಸುದ್ದಿ ಕೊಡುವ ಏರ್ಪಾಡು ಇದೆಯೇ ಎಂದು ವಿಚಾರಿಸಿ. ಕೆಲವು ಕಂಪನಿಗಳು ಇದನ್ನು ಕೊಡುತ್ತವೆ.

ಹಳೆಯ ಕಾರಿನತ್ತ ಒಲವಿದ್ದರೆ ಬೆಲೆ ಅರ್ಧಕ್ಕೂ ಇಳಿದಿರಬಹುದು. ಆದರೆ ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಸರ್ವಿಸಿನ ದಾಖಲೆಯನ್ನು ಆರಂಭದಿಂದ ಕೇಳಿ ಪಡೆಯಿರಿ. ನಾಲ್ಕು ಟೈರುಗಳ ತಾರೀಖು ನೋಡಿ. ಹಗಲು ಬೆಳಕಿನಲ್ಲಿ ಬಾಗಿಲುಗಳ ಬಣ್ಣವನ್ನು ಓರೆಯಾಗಿ ನೋಡಿದರೆ ಮತ್ತೆ ಬಳಿದದ್ದು ಕಾಣುತ್ತದೆ. ಬ್ಯಾಂಕಿನ ಒತ್ತೆ ತೀರಿದ ಪತ್ರವಿದೆಯೇ, ಬಾಕಿ ದಂಡಗಳಿವೆಯೇ ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳಿ. ಹಿಂದಿನವನು ಇಂಜಿನಿನ ಶಕ್ತಿಯನ್ನು ಹೆಚ್ಚಿಸಿದ್ದರೆ, ಸದ್ದಿನ ಕೊಳವೆ ಬದಲಿಸಿದ್ದರೆ ಅಂಥ ಕಾರನ್ನು ಬಿಟ್ಟುಬಿಡಿ. ೫೨ನೆಯ ಕಲಮು ಅಂಥ ಬದಲಾವಣೆಯನ್ನು ನಿಷೇಧಿಸುತ್ತದೆ. ಅಪಘಾತವಾದಾಗ ವಿಮೆಯವರು ಅದನ್ನೇ ಮೊದಲು ಹಿಡಿಯುತ್ತಾರೆ.

ಕೊನೆಗೆ ಓಡಿಸಿ ನೋಡುವುದು. ಎರಡು ಮೂರು ಕಾರುಗಳನ್ನು ಆರಿಸಿಕೊಂಡಿದ್ದರೆ ಒಂದೇ ದಿನ, ಒಂದೇ ದಾರಿಯಲ್ಲಿ, ಒಂದರ ಬೆನ್ನಿಗೆ ಒಂದನ್ನು ಓಡಿಸಿ. ಇಲ್ಲವಾದರೆ ಮೊದಲಿನದರ ನೆನಪು ಮಾಸಿರುತ್ತದೆ. ಅಂಗಡಿಯವರು ತಮ್ಮ ಮುಂದಿನ ನುಣುಪು ರಸ್ತೆಯಲ್ಲಿಯೇ ಸುತ್ತಿಸಲು ನೋಡುತ್ತಾರೆ. ನೀವು ಒಡೆದ ರಸ್ತೆಗೂ ಒಂದು ಉಬ್ಬಿಗೂ ಕರೆದೊಯ್ಯಿರಿ. ಹಿಂದಿನ ಸೀಟಿನಲ್ಲಿ ಮನೆಯ ಮುತ್ಯಾನನ್ನೋ ಅಮ್ಮನನ್ನೋ ಕೂರಿಸಿ ಅರ್ಧ ಗಂಟೆ ಓಡಿಸಿ. ಅವರು ಇಳಿಯುವಾಗ ಸೊಂಟ ಹಿಡಿದುಕೊಂಡರೆ ಆ ಕಾರಿನ ಹೆಸರಿನ ಮುಂದೆ ಒಂದು ಗೀಟು ಹಾಕಿ, ಮುಂದಿನ ಕಾರಿಗೆ ಹೋಗಿ.